ತಮ್ಮನಿಗೆ ಹುಡುಗಿ ನೋಡುತ್ತಿದ್ದಾರೆ, ಅವನು ನನಗೆ ಮಾತ್ರ ಒಂದು ವಿಷಯ ಹೇಳಿದ್ದಾನೆ. ಇದು ಅವನ ಆಯ್ಕೆಯಾ?

ಶಂಕರಪುರದ ಅಕ್ಕ

ಹೆಸರು ಹಾಕದೆ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ನಮ್ಮದು ಉಡುಪಿ ಹತ್ತಿರದ ಶಂಕರಪುರ. ಮನೆಯಲ್ಲಿ ಮಲ್ಲಿಗೆ ಗಿಡ ಉಂಟು. ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೂ ಖರೀದಿಸುವ ಕಟ್ಟೆಗೆ ಮುಟ್ಟಿಸುವ ತನಕ ಮನೆಯವರೆಲ್ಲ ಜಗಲಿಯಲ್ಲೇ ಕುಳಿತಿರುತ್ತೇವೆ.

ತಮ್ಮನಿಗೆ 29. ಬೆಂಗಳೂರಿನಲ್ಲಿ ಕೆಲಸ, ರಜೆ ಸಿಕ್ಕಾಗೆಲ್ಲ ಬರುತ್ತಾನೆ. ಹೂ ಕಟ್ಟುವುದರಲ್ಲಿ ನನಗಿಂತ ಚುರುಕು. ಕಳೆದ ಭಾನುವಾರ ಅಮ್ಮ ಹಟ್ಟಿಗೆ ಹೋಗಿದ್ದರು, ನಾವಿಬ್ಬರೇ ಇದ್ದೆವು. ಕಾಪು ಕಡೆಯ ಒಂದು ಹುಡುಗಿಯ ಜಾತಕವನ್ನು ಅಮ್ಮ ತರಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ದೇವರ ಫೋಟೋದ ಹಿಂದೆ ಇಟ್ಟಿದ್ದಾರೆ. ನಾನು ಸುಮ್ನೆ "ಹುಡುಗಿ ಸಾಧು ಸ್ವಭಾವದವಳಂತೆ, ಒಮ್ಮೆ ನೋಡಿ ಬರುವ" ಎಂದೆ. ಅವನ ಕೈ ನಿಂತಿತು. ನಾರನ್ನು ಬೆರಳಿಗೆ ಸುತ್ತಿಕೊಂಡೇ, ತಲೆ ಎತ್ತದೆ ಹೇಳಿದ: "ಅಕ್ಕ, ನನಗೆ ಹುಡುಗಿಯರ ಮೇಲೆ ಮನಸ್ಸಾಗುವುದಿಲ್ಲ. ಯಾವತ್ತೂ ಆಗಿಲ್ಲ. ಹುಡುಗರ ಮೇಲೆ ಆಗುತ್ತದೆ." ಆಮೇಲೆ ಪುನಃ ಕಟ್ಟತೊಡಗಿದ. ಆ ಚೆಂಡಿನಲ್ಲಿ ಅರ್ಧ ಮೊಗ್ಗು ತಿರುಗಾಮುರುಗಾ ಆಗಿತ್ತು. ಅವನು ಎದ್ದು ಹೋದ ಮೇಲೆ ನಾನೇ ಬಿಚ್ಚಿ ಕಟ್ಟಿದೆ.

ಅಂದಿನಿಂದ ನನಗೆ ನಿದ್ದೆ ಇಲ್ಲ. ಇದು ಅವನೇ ಮಾಡಿಕೊಂಡದ್ದಾ, ಹುಟ್ಟಿನಿಂದ ಬಂದದ್ದಾ? ಬಿಡಬೇಕು ಎಂದರೆ ಬಿಡಲು ಆಗುತ್ತದಾ? ಅಮ್ಮ ದೈವ ದೇವರು ಎಂದರೆ ಪ್ರಾಣ ಬಿಡುವವರು. ಗೊತ್ತಾದರೆ ಮೊದಲು ಕೇಳುವುದು "ಇದಕ್ಕೆ ದೈವ ಒಪ್ಪುತ್ತದಾ" ಎಂದೇ. ತಿಳಿದವರು ಹೇಳಿ. ಬೈಯುವುದಿದ್ದರೆ ನನಗೆ ಬೈಯಿರಿ, ಅವನಿಗೆ ಬೇಡ.

ಕಾರ್ಕಳದವ

ಅಕ್ಕ, ನೇರವಾಗಿ ಹೇಳುತ್ತೇನೆ. ಇದೆಲ್ಲ ಬೆಂಗಳೂರಿನ ಸಹವಾಸ, ಮೊಬೈಲಿನ ಹಾವಳಿ. ನಮ್ಮ ಅಜ್ಜಂದಿರ ಕಾಲದಲ್ಲಿ ಇತ್ತಾ ಇದು? ಮದುವೆ ಮಾಡಿಸಿ, ಒಂದು ಮಗು ಆದರೆ ಎಲ್ಲ ಸರಿ ಹೋಗುತ್ತದೆ. ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ.

ಶಂಕರಪುರದ ಅಕ್ಕ

ಅವನಿಗೆ ಗೊತ್ತಾದದ್ದು ಹೈಸ್ಕೂಲಿನಲ್ಲಂತೆ. ಆಗ ನಮ್ಮ ಮನೆಯಲ್ಲಿ ಇದ್ದದ್ದು ಒಂದು ಲ್ಯಾಂಡ್‌ಲೈನ್. ಬೆಂಗಳೂರನ್ನು ಅವನು ನೋಡಿದ್ದು ಡಿಗ್ರಿ ಮುಗಿದ ಮೇಲೆ.

ದೇರಳಕಟ್ಟೆಯ ಡಾಕ್ಟರು

ಮನೋವೈದ್ಯೆಯಾಗಿ ಈ ಪ್ರಶ್ನೆ ನನಗೆ ದಿನಾ ಎದುರಾಗುತ್ತದೆ. ಸಾಮಾನ್ಯವಾಗಿ ಕೇಳುವವರು ತಾಯಿ ಅಥವಾ ಅಕ್ಕ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲನೆಯದು, ಇದು ಕಾಯಿಲೆ ಅಲ್ಲ. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲೇ ಇದನ್ನು ರೋಗಗಳ ಪಟ್ಟಿಯಿಂದ ತೆಗೆಯಿತು. ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದು ತೆಗೆಯಿತು. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಇನ್ನೂ ಒಂದು ಮಾತು ಉಂಟು. ಒಬ್ಬ ವ್ಯಕ್ತಿ ತನ್ನ ಸಮಾಜದ ನೀತಿಗೆ, ಧರ್ಮದ ನಂಬಿಕೆಗೆ ಹೊಂದಿಕೊಳ್ಳುವುದಿಲ್ಲ ಎಂಬ ಕಾರಣಕ್ಕೆ ಅವನನ್ನು ಮಾನಸಿಕ ರೋಗಿ ಎಂದು ನಿರ್ಧರಿಸುವ ಹಾಗಿಲ್ಲ.

ಎರಡನೆಯದು ಕಾರಣ. 2019ರಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ಸುಮಾರು 4.8 ಲಕ್ಷ ಜನರ ಜೀನ್‌ಗಳನ್ನು ನೋಡಿದರು. "ಇದೇ ಆ ಜೀನ್" ಎಂದು ಬೆರಳು ತೋರಿಸುವಂಥದ್ದು ಒಂದೂ ಸಿಗಲಿಲ್ಲ. ನೂರಾರು, ಸಾವಿರಾರು ಜೀನ್‌ಗಳ ಸಣ್ಣ ಸಣ್ಣ ಪಾಲು ಸೇರಿ ಜನರ ನಡುವಿನ ವ್ಯತ್ಯಾಸದಲ್ಲಿ ಶೇ. 8ರಿಂದ 25ರಷ್ಟನ್ನು ವಿವರಿಸಬಹುದು ಎಂದರು. ಜೊತೆಗೆ, ಒಂದೇ ತಾಯಿಗೆ ಹುಟ್ಟಿದ ಅಣ್ಣಂದಿರು ಹೆಚ್ಚಿದ್ದಷ್ಟೂ ಕಿರಿಯ ಗಂಡುಮಗ ಸಲಿಂಗಿಯಾಗುವ ಸಾಧ್ಯತೆ ಸ್ವಲ್ಪ ಏರುತ್ತದೆ ಎಂದು ಬೇರೆ ಬೇರೆ ಅಧ್ಯಯನಗಳು ಕಂಡಿವೆ. ಇದಕ್ಕೆ ಗರ್ಭದೊಳಗಿನ ಕಾರಣ ಇರಬೇಕು ಎಂಬುದು ಸಂಶೋಧಕರ ವಾದ. ಇದನ್ನು ಓದಿ ಕೆಲವರು "ನೋಡಿ, ಜೀನ್ ಸಿಗಲಿಲ್ಲ, ಹಾಗಾದರೆ ಆಯ್ಕೆಯೇ" ಎನ್ನುತ್ತಾರೆ. ಅದು ತಪ್ಪು ಲೆಕ್ಕ. ಕಾರಣ ಪೂರ್ತಿ ತಿಳಿದಿಲ್ಲ ಎಂದ ಮಾತ್ರಕ್ಕೆ ಅದು ಕೈಯಾರೆ ಆರಿಸಿಕೊಂಡದ್ದು ಆಗುವುದಿಲ್ಲ. ಇಷ್ಟು ವರ್ಷದಲ್ಲಿ ನನ್ನ ಎದುರು ಕುಳಿತು "ನಾನು ಇಂಥ ದಿನ ನಿರ್ಧಾರ ಮಾಡಿದೆ" ಎಂದವರು ಒಬ್ಬರೂ ಇಲ್ಲ. "ಎಂದು ಗೊತ್ತಾಯಿತು" ಎಂದವರೇ ಎಲ್ಲರೂ.

ಮೂರನೆಯದು, "ಬದಲಿಸಬಹುದಾ". ಬದಲಿಸಬಹುದು ಎಂದು 2003ರಲ್ಲಿ ಪ್ರಬಂಧ ಪ್ರಕಟಿಸಿದ್ದವರು ರಾಬರ್ಟ್ ಸ್ಪಿಟ್ಜರ್. 1973ರಲ್ಲಿ ಇದನ್ನು ರೋಗಗಳ ಪಟ್ಟಿಯಿಂದ ತೆಗೆಸುವುದರಲ್ಲಿ ಮುಂದಿದ್ದವರೂ ಅವರೇ. ಹಾಗಾಗಿ ಆ ಪ್ರಬಂಧಕ್ಕೆ ತೂಕ ಬಂತು. ಆದರೆ ಅವರು ಮಾಡಿದ್ದು ಫೋನಿನಲ್ಲಿ ಕೇಳಿದ ಮಾತನ್ನು ನಂಬಿದ್ದು ಮಾತ್ರ. 2012ರಲ್ಲಿ ತಮ್ಮ ತೀರ್ಮಾನ ನಿಲ್ಲುವುದಿಲ್ಲ ಎಂದು ಒಪ್ಪಿ, ಬಹಿರಂಗವಾಗಿ ಕ್ಷಮೆ ಕೇಳಿದರು. ಪ್ರಾರ್ಥನೆಯಿಂದ ಬದಲಿಸುತ್ತೇವೆ ಎನ್ನುತ್ತಿದ್ದ ಎಕ್ಸೋಡಸ್ ಇಂಟರ್‌ನ್ಯಾಷನಲ್ ಎಂಬ ದೊಡ್ಡ ಕ್ರೈಸ್ತ ಸಂಸ್ಥೆ 2013ರಲ್ಲಿ ಕ್ಷಮೆ ಕೇಳಿ ಬಾಗಿಲು ಹಾಕಿತು. ನಮ್ಮಲ್ಲಿ ಮದ್ರಾಸ್ ಹೈಕೋರ್ಟಿನ 2021ರ ಆದೇಶದ ನಂತರ, 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇಂಥ "ಚಿಕಿತ್ಸೆ"ಯನ್ನು ವೃತ್ತಿಯ ದುರ್ನಡತೆ ಎಂದಿತು. ಆದ್ದರಿಂದ ಯಾರಾದರೂ ಶಾಕ್, ಮಾತ್ರೆ, ಹಿಪ್ನಾಟಿಸಂ ಎಂದರೆ ದಯವಿಟ್ಟು ಆ ಮೆಟ್ಟಿಲು ಹತ್ತಬೇಡಿ ಅಕ್ಕ.

ಬಡಗುಬೆಟ್ಟು

ಗೊತ್ತಿಲ್ಲದೆ ಕೇಳುತ್ತಿದ್ದೇನೆ. ಹಾಗಾದರೆ ಅವರ ತಮ್ಮ ಮಂಗಳಮುಖಿಯಾ?

ದೇರಳಕಟ್ಟೆಯ ಡಾಕ್ಟರು

ಅಲ್ಲ. ತಾನು ಗಂಡೋ ಹೆಣ್ಣೋ ಎಂದು ಒಳಗಿನಿಂದ ಅನಿಸುವುದು ಒಂದು. ಯಾರ ಮೇಲೆ ಮನಸ್ಸಾಗುತ್ತದೆ ಎಂಬುದು ಇನ್ನೊಂದು. ಅವರ ತಮ್ಮ ಗಂಡಸೇ, ಅವನಿಗೆ ಅದರಲ್ಲಿ ಗೊಂದಲ ಇಲ್ಲ.

ತೆಂಕುತಿಟ್ಟು

ಇದನ್ನು ಹೇಳಿದ್ದು ಒಳ್ಳೆಯದಾಯಿತು. ಯಕ್ಷಗಾನದಲ್ಲಿ ಸ್ತ್ರೀವೇಷ ಮಾಡುವವರನ್ನು ಜನ ಇದೇ ತಕ್ಕಡಿಯಲ್ಲಿ ತೂಗುತ್ತಾರೆ. ನನ್ನ ಮಾವ ಇಪ್ಪತ್ತು ವರ್ಷ ಸ್ತ್ರೀವೇಷ ಮಾಡಿದವರು. ಸೀರೆ ಬಿಚ್ಚಿಟ್ಟು ಬೆಳಿಗ್ಗೆ ಮನೆಗೆ ಬಂದರೆ ನಾಲ್ಕು ಮಕ್ಕಳ ಅಪ್ಪ. ವೇಷ ಬೇರೆ, ಮನಸ್ಸು ಬೇರೆ.

ರಥಬೀದಿ ಮೇಷ್ಟ್ರು

ನಾನು ನಿವೃತ್ತ ಸಂಸ್ಕೃತ ಅಧ್ಯಾಪಕ. ಡಾಕ್ಟರಮ್ಮ ಹೇಳಿದ್ದನ್ನು ಗೌರವದಿಂದ ಓದಿದೆ. ಧರ್ಮದ ಪ್ರಶ್ನೆ ಬಂದದ್ದರಿಂದ ನನಗೆ ಗೊತ್ತಿದ್ದಷ್ಟು ಹೇಳುತ್ತೇನೆ. ಯಾರಿಗೋ ಬೇಕಾದ ಹಾಗೆ ತಿರುಚುವುದಿಲ್ಲ.

"ನಮ್ಮ ಅಜ್ಜಂದಿರ ಕಾಲದಲ್ಲಿ ಇರಲಿಲ್ಲ" ಎಂಬ ಮಾತು ನಿಲ್ಲುವುದಿಲ್ಲ. ಇಲ್ಲದ ವಿಷಯಕ್ಕೆ ಯಾರೂ ಪ್ರಾಯಶ್ಚಿತ್ತ ಬರೆಯುವುದಿಲ್ಲ. ಮನುಸ್ಮೃತಿಯ 11ನೇ ಅಧ್ಯಾಯ ಒಂದು ಕಡೆ ಗಂಡು ಗಂಡಿನ ಕೂಟವನ್ನು ಜಾತಿ ಕೆಡಿಸುವ ಕೆಲಸಗಳ ಸಾಲಿಗೆ ಸೇರಿಸುತ್ತದೆ. ಅದೇ ಅಧ್ಯಾಯ ಮುಂದೆ ಅದಕ್ಕೆ ಹೇಳುವ ಪ್ರಾಯಶ್ಚಿತ್ತ ಉಟ್ಟ ಬಟ್ಟೆಯಲ್ಲೇ ಸ್ನಾನ. ಹೆಣ್ಣುಮಕ್ಕಳ ವಿಷಯದಲ್ಲಿ 8ನೇ ಅಧ್ಯಾಯದ ಶಿಕ್ಷೆ ಇದಕ್ಕಿಂತ ಬಹಳ ಕಠಿಣ. ಅಂದರೆ ಶಾಸ್ತ್ರ ಒಪ್ಪಿದೆ ಎನ್ನುವುದೂ ಸರಿಯಲ್ಲ, ಶಾಸ್ತ್ರ ಇದನ್ನು ಮಹಾಪಾತಕ ಎಂದಿದೆ ಎನ್ನುವುದೂ ಸರಿಯಲ್ಲ. ಜೀವಾವಧಿ ಶಿಕ್ಷೆ ಎಂದು ಬರೆದದ್ದು 1860ರ ಬ್ರಿಟಿಷರ ದಂಡಸಂಹಿತೆ.

ಆಯ್ಕೆಯ ಬಗ್ಗೆ ಕೇಳಿದರೆ ನನಗೆ ನೆನಪಾಗುವುದು ಗೀತೆಯ 3ನೇ ಅಧ್ಯಾಯದ 33ನೇ ಶ್ಲೋಕ. "ಪ್ರಕೃತಿಂ ಯಾಂತಿ ಭೂತಾನಿ ನಿಗ್ರಹಃ ಕಿಂ ಕರಿಷ್ಯತಿ". ಪ್ರಾಣಿಗಳು ತಮ್ಮ ಸ್ವಭಾವದ ಹಾದಿಯಲ್ಲೇ ಹೋಗುತ್ತವೆ, ಹಿಡಿದಿಟ್ಟು ಏನು ಮಾಡುವುದು? ಆದರೆ ಅದರ ಮರು ಶ್ಲೋಕವನ್ನು ಬಿಟ್ಟು ಓದಬಾರದು. ಇಂದ್ರಿಯಗಳ ರಾಗದ್ವೇಷದ ವಶವಾಗಬೇಡ ಎನ್ನುತ್ತದೆ 34. ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಒಲವು ಅವನದೇ ಸ್ವಭಾವ ಇರಬಹುದು, ಅದಕ್ಕೆ ಅವನನ್ನು ದೂರಬಾರದು. ಆದರೆ ಸಂಯಮ ಎಂಬ ದಾರಿಯೂ ಉಂಟು. ನಮ್ಮ ಊರಿನಲ್ಲಿ ಅಷ್ಟಮಠದ ಯತಿಗಳು ಆ ದಾರಿಯಲ್ಲೇ ನಡೆಯುವವರು ಅಲ್ವಾ?

ಬಿಜೈ 41

ಮೇಷ್ಟ್ರೇ, ನಮಸ್ಕಾರ. ನನಗೆ 41 ವರ್ಷ, ಮಂಗಳೂರಿನವ, ಸಲಿಂಗಿ. ನಿಮ್ಮ ಮಾತಿಗೆ ಉತ್ತರ ಕೊಡುವ ಮೊದಲು ನನ್ನದೊಂದು ಹೇಳುತ್ತೇನೆ.

ನಾನು ಐದು ವರ್ಷ ಅಯ್ಯಪ್ಪನ ಮಾಲೆ ಹಾಕಿದ್ದೇನೆ. 41 ದಿನದ ವ್ರತ, ಬೆಳಿಗ್ಗೆ ನಾಲ್ಕಕ್ಕೆ ತಣ್ಣೀರು ಸ್ನಾನ, ಬರಿಗಾಲು. ಜೊತೆಯವರು ಕೆಲಸ ಕೇಳಿಕೊಂಡರು, ಮನೆ ಕೇಳಿಕೊಂಡರು. ನಾನು ಐದು ವರ್ಷವೂ ಕೇಳಿಕೊಂಡದ್ದು ಒಂದೇ. "ಸ್ವಾಮಿ, ನನ್ನನ್ನು ಬೇರೆಯವರ ಹಾಗೆ ಮಾಡು." ಹದಿನೆಂಟು ಮೆಟ್ಟಿಲು ಹತ್ತುವಾಗ ಪ್ರತಿ ಮೆಟ್ಟಿಲಿಗೂ ಅದನ್ನೇ ಹೇಳುತ್ತಿದ್ದೆ. ಐದನೇ ವರ್ಷ ಇಳಿದು ಬರುವಾಗ ನನಗೆ ಸ್ಪಷ್ಟವಾಯಿತು, ದೇವರು ಕೇಳಿಸಿಕೊಂಡಿದ್ದಾನೆ, ಆದರೆ ಬದಲಿಸಲು ಅವನಿಗೆ ಏನೂ ಕಾಣಿಸಿಲ್ಲ. ಆಯ್ಕೆ ಎನ್ನುವವರಿಗೆ ನಾನು ಕೇಳುವುದು ಇಷ್ಟೇ. ಇಷ್ಟು ಬೇಡಿದವನು ಆರಿಸಿಕೊಂಡಿರುತ್ತಾನಾ?

ಇನ್ನು ಸಂಯಮ. ಯತಿಗಳಿಗೆ ಮಠ ಉಂಟು, ಶಿಷ್ಯರು ಉಂಟು, ಕೃಷ್ಣನ ಪೂಜೆ ಉಂಟು, ಎದುರು ಬಂದವರೆಲ್ಲ ಕಾಲಿಗೆ ಬೀಳುತ್ತಾರೆ. ಅವರ ಬ್ರಹ್ಮಚರ್ಯಕ್ಕೆ ಒಂದು ತುಂಬಿದ ಬದುಕು ಉಂಟು. ನೀವು ನನಗೆ ಹೇಳುವ ಸಂಯಮದಲ್ಲಿ ಇರುವುದು ಒಂದು ಬಾಡಿಗೆ ಕೋಣೆ. ಜ್ವರ ಬಂದರೆ ಗಂಜಿ ಬೇಯಿಸುವವರಿಲ್ಲ. ಅದು ಸನ್ಯಾಸ ಅಲ್ಲ ಮೇಷ್ಟ್ರೇ, ಒಂಟಿತನ.

ರಥಬೀದಿ ಮೇಷ್ಟ್ರು

ನಿಮ್ಮ ಮಾತು ನನ್ನನ್ನು ಕೂರಿಸಿ ಯೋಚಿಸುವಂತೆ ಮಾಡಿತು. ಮಠದ ಹೋಲಿಕೆ ಹಿಂದೆ ತೆಗೆದುಕೊಳ್ಳುತ್ತೇನೆ. ಸಂಯಮದ ಬಗ್ಗೆ ನನ್ನ ನಂಬಿಕೆ ಹಾಗೇ ಉಂಟು. ಅದನ್ನು ಇನ್ನೊಬ್ಬರ ಮೇಲೆ ಹೇರುವುದು ಬೇರೆ ವಿಷಯ ಎಂಬುದನ್ನು ಒಪ್ಪುತ್ತೇನೆ.

ಬೆಂದೂರಿನ ಟೀಚರ್

ನಾನು ಚರ್ಚಿನಲ್ಲಿ ಮಕ್ಕಳಿಗೆ ದೊತೊರ್ನ್ ಕಲಿಸುತ್ತಿದ್ದವಳು, ಅಂದರೆ ಕ್ಯಾಟೆಕಿಸಂ, ಕ್ಯಾಥೋಲಿಕ್ ಸಭೆಯ ಧರ್ಮಬೋಧೆ. ನಮ್ಮಲ್ಲಿ ಇದರ ಬಗ್ಗೆ ಏನು ಬರೆದಿದೆ ಎಂದು ಜಾಸ್ತಿ ಜನರಿಗೆ ಗೊತ್ತಿಲ್ಲ, ಬೈಗುಳ ಮಾತ್ರ ಗೊತ್ತು. ಸಲಿಂಗ ಕೂಟವನ್ನು ಚರ್ಚ್ ಒಪ್ಪುವುದಿಲ್ಲ, ಅದು ಸ್ಪಷ್ಟ. ಆದರೆ ಆ ಒಲವು ಎಲ್ಲಿಂದ ಬರುತ್ತದೆ ಎಂಬುದು ಬಹುಪಾಲು ವಿವರಣೆಗೆ ಸಿಕ್ಕಿಲ್ಲ ಎಂದು ಅದೇ ಕ್ಯಾಟೆಕಿಸಂ ಹೇಳುತ್ತದೆ. ಅವರನ್ನು ಗೌರವದಿಂದ, ಕರುಣೆಯಿಂದ ಕಾಣಬೇಕು, ಅನ್ಯಾಯದ ಭೇದ ಮಾಡಬಾರದು ಎಂದೂ ಹೇಳುತ್ತದೆ.

ಇದರಲ್ಲಿ ನನ್ನನ್ನು ಬಹಳ ಕಾಡಿದ ಒಂದು ವಿಷಯ ಉಂಟು. 1992ರಲ್ಲಿ ಬಂದ ಮೊದಲ ಪಾಠದಲ್ಲಿ "ಅವರು ಇದನ್ನು ಆರಿಸಿಕೊಂಡವರಲ್ಲ" ಎಂಬ ಅರ್ಥದ ಮಾತು ಇತ್ತು. 1997ರ ಪರಿಷ್ಕೃತ ಪಾಠದಲ್ಲಿ ಅದನ್ನು ತೆಗೆದು, ಈ ಒಲವು ಕ್ರಮ ತಪ್ಪಿದ್ದು ಎಂಬ ಮಾತು ಹಾಕಿದರು. ಇಬ್ಬರು ಮಕ್ಕಳ ತಾಯಿಯಾಗಿ ನನಗೆ ಮೊದಲಿನ ವಾಕ್ಯವೇ ನಿಜ ಅನಿಸುತ್ತದೆ. ನನ್ನ ಎರಡನೇ ಮಗಳು ಕೆನಡಾದಲ್ಲಿ ಇನ್ನೊಬ್ಬ ಹುಡುಗಿಯ ಜೊತೆ ಸಂಸಾರ ಮಾಡಿಕೊಂಡಿದ್ದಾಳೆ. ಇದನ್ನು ಬರೆಯುವುದು ಇದೇ ಮೊದಲು. 2023ರ ಡಿಸೆಂಬರ್ 18ರಂದು ರೋಮಿನಿಂದ ಒಂದು ಘೋಷಣೆ ಬಂತು, ಇಂಥ ಜೋಡಿಗಳಿಗೆ ಪಾದ್ರಿಗಳು ಆಶೀರ್ವಾದ ಮಾಡಬಹುದು ಎಂದು. ಮದುವೆ ಅಲ್ಲ, ಪೂಜಾವಿಧಿಯೂ ಅಲ್ಲ, ಬರೀ ಆಶೀರ್ವಾದ. ಆ ರಾತ್ರಿ ನಾನು ತೆರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಹೇಳುವಾಗ ಇಬ್ಬರ ಹೆಸರನ್ನೂ ಸೇರಿಸಿ ಹೇಳಿದೆ.

ಉಳ್ಳಾಲ ಬ್ಯಾರಿ

ಟೀಚರ್, ನೀವು ಬರೆದದ್ದು ಓದಿ ಮನಸ್ಸು ತುಂಬಿತು.

ನಮ್ಮಲ್ಲಿ ಲೂತ್ ಎಂಬ ಪ್ರವಾದಿಯ ಜನ ಗಂಡು ಗಂಡಿನ ಕೂಟಕ್ಕಾಗಿ ನಾಶವಾದ ಕಥೆ ಉಂಟು, ಅದರ ಆಧಾರದ ಮೇಲೆ ಧರ್ಮಪಂಡಿತರಾದ ಉಲಮಾಗಳು ಆ ಕೃತ್ಯವನ್ನು ಹರಾಂ ಎನ್ನುತ್ತಾರೆ. ನಾನೂ ಹಾಗೆಯೇ ನಂಬುವವನು, ಮುಚ್ಚಿಡುವುದಿಲ್ಲ. ಆದರೆ ಮದ್ರಸದಲ್ಲಿ ನಾವು ಕಲಿತ ಇನ್ನೊಂದು ಹದೀಸ್, ಅಂದರೆ ಪ್ರವಾದಿಯವರ ಮಾತು, ಉಂಟು. ಮನಸ್ಸಿನಲ್ಲಿ ಹಾದುಹೋಗುವುದನ್ನು, ಆಡುವ ಅಥವಾ ಮಾಡುವ ತನಕ, ಅಲ್ಲಾಹ್ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು. ಹಾಗಾಗಿ ಮನಸ್ಸಿನ ಒಲವಿಗಾಗಿ ಒಬ್ಬನನ್ನು ಮನೆಯಿಂದ ಹೊರಹಾಕುವುದು ದೀನ್, ಅಂದರೆ ಧರ್ಮ, ಅಲ್ಲ. ಇನ್ನೂ ಒಂದು. ನಿಕಾಹ್ ಎಂದರೆ ಕರಾರು. ವಿಷಯ ಮುಚ್ಚಿಟ್ಟು ಒಂದು ಹೆಣ್ಣಿನ ಒಪ್ಪಿಗೆ ತೆಗೆದುಕೊಳ್ಳುವುದು ಮೋಸ. ಕಾರ್ಕಳದ ಅಣ್ಣ ಹೇಳಿದ "ಮದುವೆ ಮಾಡಿಸಿ" ಎಂಬ ಉಪಾಯವನ್ನು ನನ್ನ ಧರ್ಮವಂತೂ ಒಪ್ಪುವುದಿಲ್ಲ.

ಸಾವಿರ ಕಂಬ

ಮೂಡುಬಿದಿರೆಯಿಂದ. ಜೈನ ಶಾಸ್ತ್ರದಲ್ಲಿ ಇದಕ್ಕೆ ಹತ್ತಿರದ ಒಂದು ವಿಚಾರ ಉಂಟು, ಅದನ್ನು ಯಾರೂ ಹೇಳುವುದಿಲ್ಲ ಎಂದು ಬರೆಯುತ್ತಿದ್ದೇನೆ. ದೇಹದ ಲಿಂಗ ದ್ರವ್ಯವೇದ. ಒಳಗಿನ ಆಸೆ ಭಾವವೇದ. ಗಂಡಿನ ಕಡೆಗೆ ಸೆಳೆಯುವುದು, ಹೆಣ್ಣಿನ ಕಡೆಗೆ ಸೆಳೆಯುವುದು, ಇಬ್ಬರ ಕಡೆಗೂ ಸೆಳೆಯುವುದು ಎಂದು ಮೂರು ಬಗೆ. ದೇಹ ಒಂದು ಬಗೆ, ಭಾವ ಇನ್ನೊಂದು ಬಗೆ ಇರಬಹುದು ಎಂದು ಆಚಾರ್ಯರು ಚರ್ಚಿಸಿದ್ದಾರೆ. ಮೂರನ್ನೂ ಮೋಹ ಹುಟ್ಟಿಸುವ ಮೋಹನೀಯ ಕರ್ಮದ ಉದಯ ಎಂದೇ ಲೆಕ್ಕ ಹಾಕಿದ್ದಾರೆ. ಗಂಡಸಿಗೆ ಹೆಂಗಸಿನ ಮೇಲೆ ಆಗುವ ಆಸೆಗೂ ಅದೇ ಲೆಕ್ಕ, ವಿನಾಯಿತಿ ಇಲ್ಲ.

ಕಾರ್ಕಳದವ

ಎಲ್ಲರೂ ನನ್ನ ಮೇಲೆ ಬಿದ್ದಿದ್ದೀರಿ. ನಾನು ಕೆಟ್ಟದ್ದು ಬಯಸಿ ಹೇಳಲಿಲ್ಲ. ನಮ್ಮ ಕಡೆ ಎಷ್ಟೋ ಮದುವೆಗಳು ಹಾಗೆಯೇ ಆಗಿ, ಹೊಂದಿಕೊಂಡು ಹೋಗಿವೆ. ಕುಟುಂಬ ಮುಂದುವರಿಯುವುದು ಬೇಡವಾ?

ಹೆಸರು ಬೇಡ

ಕಾರ್ಕಳದ ಅಣ್ಣ, ನಾನು ಆ "ಹೊಂದಿಕೊಂಡು ಹೋದ" ಮದುವೆಯ ಹುಡುಗಿ.

24ಕ್ಕೆ ಮದುವೆಯಾಯಿತು. ಅವರು ಒಳ್ಳೆಯವರು, ಒಂದು ದಿನ ಗಟ್ಟಿಯಾಗಿ ಮಾತಾಡಿದವರಲ್ಲ. ಆದರೆ ಗಂಡ ಹೆಂಡತಿ ಎನ್ನುವುದು ನಮ್ಮ ನಡುವೆ ಆಗಲೇ ಇಲ್ಲ. ನಾನು ಕನ್ನಡಿ ನೋಡಿ ನೋಡಿ ನನ್ನಲ್ಲೇ ಏನೋ ಕೊರತೆ ಎಂದುಕೊಂಡೆ. ತೂಕ ಇಳಿಸಿದೆ. ಎರಡು ವರ್ಷ ಕಳೆಯಿತು. ಮಕ್ಕಳಾಗಲಿಲ್ಲ ಎಂದು ಜ್ಯೋತಿಷಿಗಳಲ್ಲಿ ಕೇಳಿದರು, ನಾಗದೋಷ ಎಂದರು. ಆಶ್ಲೇಷಾ ಬಲಿ ಮಾಡಿಸಿದೆವು. ಮಂಡಲದ ಎದುರು ನಾನು ಒದ್ದೆ ಕಣ್ಣಲ್ಲಿ ಕುಳಿತಿದ್ದೆ. ಪಕ್ಕದಲ್ಲಿ ಅವರು ನೆಲ ನೋಡುತ್ತಾ ಕುಳಿತಿದ್ದರು. ಅವರಿಗೆ ಗೊತ್ತಿತ್ತು, ಇದು ನಾಗನ ಕೋಪ ಅಲ್ಲ ಎಂದು. ಅವರ ಅಮ್ಮನಿಗೂ ಗೊತ್ತಿತ್ತು. ಮದುವೆಗೆ ಮೊದಲೇ ಅವರು ಅಮ್ಮನ ಹತ್ತಿರ ಹೇಳಿದ್ದರಂತೆ. ಗೊತ್ತಿಲ್ಲದೆ ಕೈಮುಗಿದವಳು ನಾನೊಬ್ಬಳೇ.

ನಾಲ್ಕನೇ ವರ್ಷ ಬೇರೆಯಾದೆವು. ಊರಲ್ಲಿ ಬಂಜೆ ಎಂಬ ಹೆಸರು ಬಂದದ್ದು ನನಗೆ. ಇವತ್ತು ನನಗೆ ಅವರ ಮೇಲೆ ಸಿಟ್ಟು ಕಡಿಮೆಯಾಗಿದೆ. ಅವರ ಮನಸ್ಸನ್ನು ಅವರು ಆರಿಸಿಕೊಳ್ಳಲಿಲ್ಲ, ಅದು ನನಗೆ ಅರ್ಥವಾಗುತ್ತದೆ. ಆದರೆ ನನ್ನನ್ನು ಆರಿಸಿದರು. ಜಾತಕ ನೋಡಿ, ಮನೆಗೆ ಬಂದು, ಚಾ ತಿಂಡಿ ತಿಂದು, ಎಲ್ಲರೂ ಸೇರಿ ಆರಿಸಿದರು. ಆಯ್ಕೆ ಇದ್ದದ್ದು ಅಲ್ಲಿ.

ಶಂಕರಪುರದ ಅಕ್ಕ, ದೇವರ ಫೋಟೋದ ಹಿಂದೆ ಇರುವ ಆ ಕವರಿನಲ್ಲಿ ಒಂದು ಹುಡುಗಿ ಇದ್ದಾಳೆ. ಮೊದಲು ಅದನ್ನು ವಾಪಸು ಕಳಿಸಿ. ತಮ್ಮನ ಬಗ್ಗೆ ಉಳಿದದ್ದನ್ನು ನಿಧಾನಕ್ಕೆ ಯೋಚಿಸಬಹುದು.

ಕಾರ್ಕಳದವ

ತಂಗಿ, ತಪ್ಪಾಯಿತು. ನಾನು ಹುಡುಗನ ಕಡೆಯಿಂದ ಮಾತ್ರ ಯೋಚಿಸಿದ್ದೆ.

ಬಿಜೈ 41

ಇದೇ ಕಾರಣಕ್ಕೆ ನಾನು ಮದುವೆಯಾಗಲಿಲ್ಲ. ಏಳು ಹುಡುಗಿಯರನ್ನು ಏನೇನೋ ನೆಪ ಹೇಳಿ ತಪ್ಪಿಸಿದೆ. ಎಂಟನೆಯದಕ್ಕೆ ನೆಪ ಸಿಗಲಿಲ್ಲ, ಅಪ್ಪನಿಗೆ ನಿಜ ಹೇಳಿದೆ. ಅಪ್ಪ ಒಂದು ವರ್ಷ ಮಾತು ಬಿಟ್ಟಿದ್ದರು.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪು ಕೊಟ್ಟರು, ಸಲಿಂಗ ಕೂಟವನ್ನು ಅಪರಾಧ ಎನ್ನುತ್ತಿದ್ದ 377ನೇ ಕಲಂ ನಮ್ಮಂಥ ವಯಸ್ಕರಿಗೆ ಇನ್ನು ಅನ್ವಯಿಸುವುದಿಲ್ಲ ಎಂದು. ನಾನು ಬಿಜೈ ಬಸ್‌ಸ್ಟ್ಯಾಂಡಿನಲ್ಲಿ ಬೆಂಚಿನ ಮೇಲೆ ಕುಳಿತು ಫೋನಿನಲ್ಲಿ ಓದಿದೆ. ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಅವರು, ಈ ಜನರಿಗೂ ಇವರ ಮನೆಯವರಿಗೂ ಇತಿಹಾಸ ಕ್ಷಮೆ ಕೇಳಬೇಕು ಎಂದು ಬರೆದಿದ್ದರು. "ಮನೆಯವರಿಗೂ" ಎಂಬ ಮಾತನ್ನು ನಾನು ಅಪ್ಪನಿಗೆ ಓದಿ ಹೇಳಿದೆ. ಅವರು ಏನೂ ಹೇಳಲಿಲ್ಲ, ಟಿ.ವಿ. ಶಬ್ದ ಕಡಿಮೆ ಮಾಡಿ ಕೇಳಿಸಿಕೊಂಡರು. ಮದುವೆಯ ಹಕ್ಕು ಇನ್ನೂ ಸಿಕ್ಕಿಲ್ಲ, 2023ರ ಅಕ್ಟೋಬರ್ 17ರಂದು ಅದೇ ಕೋರ್ಟು ಅದು ಸಂಸತ್ತಿಗೆ ಬಿಟ್ಟದ್ದು ಎಂದಿತು. ಆದರೆ ನಿಮ್ಮ ತಮ್ಮ ಇವತ್ತು ಅಪರಾಧಿ ಅಲ್ಲ ಅಕ್ಕ. ನನಗೆ 29 ಆಗಿದ್ದಾಗ ನಾನು ಕಾನೂನಿನ ಕಣ್ಣಲ್ಲಿ ಅಪರಾಧಿಯೇ ಆಗಿದ್ದೆ.

ದೇರಳಕಟ್ಟೆಯ ಡಾಕ್ಟರು

ಅಕ್ಕ, ತಮ್ಮ ಊಟ ನಿದ್ದೆ ಬಿಟ್ಟಿದ್ದರೆ, ಸಾಯುವ ಮಾತಾಡಿದರೆ ತಡ ಮಾಡಬೇಡಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡಬಹುದು. ನಿಮಗೆ ನಿದ್ದೆ ಇಲ್ಲ ಎಂದು ಬರೆದಿದ್ದೀರಿ, ನೀವೂ ಮಾತಾಡಬಹುದು.

ಶಂಕರಪುರದ ಅಕ್ಕ

ಎಲ್ಲರಿಗೂ ಉತ್ತರ ಬರೆಯಲು ತಡವಾಯಿತು. ಹೆಸರು ಬೇಡ ಎಂದ ತಂಗಿ, ನಿಮ್ಮ ಮಾತನ್ನು ತಮ್ಮನಿಗೂ ಓದಲು ಕೊಟ್ಟೆ. ಅವನು ಮುಂದಿನ ಬಸ್ಸಿಗೇ ಊರಿಗೆ ಬಂದ.

ಅಮ್ಮನ ಹತ್ತಿರ ಅವನೇ ಹೇಳಿದ, ನಾನು ಪಕ್ಕದಲ್ಲಿ ಕುಳಿತಿದ್ದೆ. ಅಮ್ಮ ಅಳಲಿಲ್ಲ, ಬೈಯಲಿಲ್ಲ. ಎದ್ದು ದೈವದ ಕೋಣೆಯ ಬಾಗಿಲಲ್ಲಿ ಸುಮಾರು ಹೊತ್ತು ನಿಂತರು. ಮೂರು ದಿನ ಅವನ ಜೊತೆ ಮಾತಾಡಲಿಲ್ಲ, ಆದರೆ ಮೂರು ಹೊತ್ತೂ ಬಡಿಸಿದರು. ನನ್ನ ಹತ್ತಿರ ಒಮ್ಮೆ "ಕುಟುಂಬ ಹೇಗೆ ಮುಂದುವರಿಯುವುದು" ಎಂದರು. ನಮ್ಮದು ಅಳಿಯಸಂತಾನದ ಮನೆ. "ಅಮ್ಮ, ನಮ್ಮಲ್ಲಿ ಬಳಿ, ಅಂದರೆ ಕುಲ, ಮುಂದುವರಿಯುವುದು ಹೆಣ್ಣುಮಕ್ಕಳಿಂದ ಅಲ್ವಾ, ನನಗೆ ಇಬ್ಬರು ಮಕ್ಕಳಿದ್ದಾರೆ" ಎಂದೆ. ಅವರು ನನ್ನ ಮುಖ ನೋಡಿದರು. ಇಷ್ಟು ದಿನ ಅದು ಅವರಿಗೂ ನೆನಪಾಗಿರಲಿಲ್ಲ ಎಂದು ಕಾಣುತ್ತದೆ.

ಅಪ್ಪನಿಗೆ ಇನ್ನೂ ಹೇಳಿಲ್ಲ. ದೈವ ಏನು ಹೇಳುತ್ತದೆ ಎಂದು ಕೇಳುವ ಮಾತನ್ನೂ ಅಮ್ಮ ಇನ್ನೂ ಎತ್ತಿಲ್ಲ.

ನಿನ್ನೆ ರಾತ್ರಿ ಅಮ್ಮ ಆ ಕವರು ತೆಗೆದು ನನ್ನ ಕೈಗೆ ಕೊಟ್ಟರು. "ಕಾಪುವಿಗೆ ನೀನೇ ಹೋಗಿ ಕೊಟ್ಟು ಬಾ. ಕೂಡಿ ಬರಲಿಲ್ಲ ಎಂದು ಹೇಳು, ಹುಡುಗಿಯ ಮೇಲೆ ಮಾತು ಬರುವ ಹಾಗೆ ಏನೂ ಹೇಳಬೇಡ" ಎಂದರು. ಮತ್ತೆ ಲೈಟು ಆರಿಸುವ ಮೊದಲು, "ನಾಳೆ ಮೊಗ್ಗು ಜಾಸ್ತಿ ಉಂಟು. ಅವನನ್ನೂ ಬೇಗ ಏಳಲು ಹೇಳು" ಎಂದರು.